ಪಾಲಿಶ್ ವಾಸನೆ

ಕುಡುಕನ ಹೆಂಡತಿಯ ಮೂಗಿಗೆ ಯಾರಾದರೂ ಸರ್ಟಿಫಿಕೇಟು ಕೊಡುವಂತಿದ್ದರೆ ಟೈಲರಮ್ಮನಿಗೆ ಯಾವತ್ತೋ ಮೊದಲ ದರ್ಜೆ ಸಿಕ್ಕಿರುತ್ತಿತ್ತು. ಗಂಡ ಏಲಕ್ಕಿ ಜಗಿದು ಬರಲಿ, ಹಸಿ ಈರುಳ್ಳಿ ತಿಂದು ಬರಲಿ, ಬೀದಿ ನಲ್ಲಿಯಲ್ಲಿ ಮುಖ ತೊಳೆದು ಬರಲಿ, ಅವನು ತಿರುವಿನಲ್ಲಿರುವಾಗಲೇ ತನಗೆ ಗೊತ್ತಾಗಿಬಿಡುತ್ತದೆ ಅಂತ ಅವಳ ನಂಬಿಕೆ. ಗೊತ್ತಾಗಿ ಏನು ಬಂತು, ಮಣ್ಣು? ಸಾಬೀತು ಮಾಡಬೇಕಲ್ಲ! ಗಂಡನ ಕಸುಬು ಮರದ ಸಾಮಾನಿಗೆ ಪಾಲಿಶ್ ಹೊಡೆಯುವುದು. ಅರಗಿನ ಚೂರನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಬಟ್ಟೆ ಸುತ್ತಿದ ಹತ್ತಿಯುಂಡೆಯನ್ನು ಅದರಲ್ಲಿ ಅದ್ದಿ, ಬೆಳಗಿನಿಂದ ಸಂಜೆಯವರೆಗೆ ಜನರ ಮೇಜು, ಕುರ್ಚಿ, ಬಾಗಿಲುಗಳನ್ನು ಉಜ್ಜುವ ಮನುಷ್ಯ, ಬೀದಿಯವರಿಗೆಲ್ಲ ಪಾಲಿಶ್ ಮೇಸ್ತ್ರಿ. ಅಂಗಿ, ಕೂದಲು, ಉಗುರಿನ ಸಂದಿ, ಎಲ್ಲ ಕಡೆ ಸ್ಪಿರಿಟ್ಟಿನದೇ ಘಾಟು. ಪಾಲಿಶ್ ವಾಸನೆ ಕಣೇ ಅಂದುಬಿಟ್ಟರೆ ಆಯಿತು, ಕೇಸು ಖುಲಾಸೆ.

ಆ ಕೇಸಿಗೆ ಮನೆಯಲ್ಲೇ ವಕೀಲರು ಬೇರೆ ಇದ್ದರು, ಅವಳ ಅತ್ತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಮಗ ಗೋಡೆ ಹಿಡಿದುಕೊಂಡು ಬಂದರೆ ಬಿಸಿಲಿಗೆ ತಲೆ ಸುತ್ತಿದೆ ಪಾಪ ಅನ್ನುತ್ತಿದ್ದರು. ಬಾಗಿಲಲ್ಲೇ ವಾಂತಿ ಮಾಡಿದರೆ ಹೊರಗಿನ ಊಟ ಒಗ್ಗಲಿಲ್ಲ ಅನ್ನುತ್ತಿದ್ದರು. ಒಂದು ಸಲ ಅವನು ಪಕ್ಕದ ಮನೆಗೆ ನುಗ್ಗಿ ಅವರ ಮಂಚದ ಮೇಲೆ ಮಲಗಿಬಿಟ್ಟಾಗ, ಬೀದಿಯ ಎಲ್ಲ ಮನೆಗೂ ಒಂದೇ ಬಣ್ಣ ಹೊಡೆದರೆ ಯಾರಿಗಾದರೂ ಗೊಂದಲ ಆಗದೇ ಇರುತ್ತದಾ ಅಂತ ಬಣ್ಣ ಹೊಡೆದವನಿಗೇ ಬೈದಿದ್ದರು. ಹೀಗೆ ಇಪ್ಪತ್ತು ವರ್ಷ. ಟೈಲರಮ್ಮ ಮೊದಮೊದಲು ಜಗಳಾಡಿದಳು, ಆಮೇಲೆ ಅತ್ತಳು, ಆಮೇಲೆ ಹೊಲಿಗೆ ಮಿಷನ್ನಿನ ಸದ್ದು ಜಾಸ್ತಿ ಮಾಡಿದಳು.

ಕುಡಿದ ದಿನ ಅವನ ಮರ್ಯಾದಸ್ತಿಕೆ ನೋಡಬೇಕಿತ್ತು. ಮೆಟ್ಟಿಲ ಕೆಳಗೆ ನಿಂತು ಚಪ್ಪಲಿ ಬಿಟ್ಟು, ಬಗ್ಗಿ, ಎರಡನ್ನೂ ಕೈಯಾರೆ ಜೋಡಿಸಿ, ಚಪ್ಪಲಿ ಅಂಗಡಿಯವನು ಇಟ್ಟ ಹಾಗೆ ನೆಟ್ಟಗೆ ಇಡುತ್ತಿದ್ದ. ಸಾಮಾನಿನ ಚೀಲವನ್ನು ಗೂಟಕ್ಕೆ ತೂಗುಹಾಕುತ್ತಿದ್ದ. ಊಟ ಆಯ್ತಾ, ಕೈ ನೋವು ಹೇಗಿದೆ ಅಂತ ಒಂದೊಂದೇ ಮಾತನ್ನು ತೂಕಕ್ಕೆ ಹಾಕಿ ಕೇಳುತ್ತಿದ್ದ. ಕುಡಿಯದ ದಿನ ಅದ್ಯಾವುದೂ ಇಲ್ಲ. ಚಪ್ಪಲಿ ಒಂದು ಇತ್ತ, ಒಂದು ಅತ್ತ, ಮಾತಿಗೆ ಮುಂಚೆ ಸಿಡುಕು. ಹಾಗಾಗಿ ಗಂಡ ಕೈ ನೋವು ವಿಚಾರಿಸಿದನೆಂದರೆ ಟೈಲರಮ್ಮ ಮಿಷನ್ನು ನಿಲ್ಲಿಸಿ ಏಳುತ್ತಿದ್ದಳು. ಅವಳ ಅಕ್ಕ ಒಂದು ಪಾಠ ಹೇಳಿಕೊಟ್ಟಿದ್ದಳು: ಕುಡಿದವನ ಹತ್ತಿರ ಮಾತು ಬೇಡ, ಜಗಳ ಬೇಡ, ನಡುಬಾಗಿಲ ಚಿಲಕ ಹಾಕಿಕೊ, ಇಳಿದ ಮೇಲೆ ತೆಗಿ. ಮನೆಗೆ ಇದ್ದದ್ದೇ ಎರಡು ಕೋಣೆ. ಬೀದಿ ಕಡೆಯ ಕೋಣೆಯಲ್ಲಿ ಒಂದು ಮಂಚ. ಒಳಕೋಣೆಯಲ್ಲಿ ಒಲೆ, ಮಿಷನ್ನು, ಅತ್ತೆಯ ಹಾಸಿಗೆ. ನಡುವೆ ಆ ಬಾಗಿಲು. ಅದರ ಚಿಲಕ ಎಳೆದು ಎಳೆದು ಕನ್ನಡಿಯಂತೆ ಹೊಳೆಯುತ್ತಿತ್ತು, ಅದಕ್ಕೆ ಯಾವ ಪಾಲಿಶೂ ಬೇಕಿರಲಿಲ್ಲ.

ಕೊನೆಗೆ ವಕೀಲರ ಯಾವ ವಾದವೂ ನಡೆಯದ ದಿನ ಬಂತು. ಮೇಸ್ತ್ರಿಯ ಕಣ್ಣು ಹಳದಿಯಾಯಿತು, ಕಾಲು ಊದಿತು, ಹೊಟ್ಟೆ ತುಂಬು ಬಸುರಿಯ ಹಾಗೆ ಮುಂದೆ ಬಂತು. ದೊಡ್ಡಾಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಹೊಟ್ಟೆಯ ನೀರು ತೆಗೆದರು. ಲಿವರ್ ನೋಡುವ ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಸುತ್ತಿ ಬಳಸಿ ಹೇಳುವ ಜಾಯಮಾನದವಳಲ್ಲ. ಲಿವರ್ ಗಟ್ಟಿಯಾಗಿಬಿಟ್ಟಿದೆ, ಹಾಳಾದದ್ದು ಹಾಳಾಯಿತು, ಉಳಿದದ್ದು ಹೇಗೋ ದುಡಿಯುತ್ತಿದೆ, ಒಂದೇ ಒಂದು ಗುಟುಕೂ ಕುಡಿಯದಿದ್ದರೆ ಅದು ಇನ್ನೂ ಎಷ್ಟೋ ವರ್ಷ ನಡೆಸೀತು, ಕುಡಿದರೆ ಮತ್ತೆ ನನ್ನ ಹತ್ತಿರ ಬರಬೇಡಿ ಅಂದಳು. ಉಪ್ಪು ಕಮ್ಮಿ. ಪಾಲಿಶ್ ಹೊಡೆಯುವಾಗ ಕಿಟಕಿ ತೆರೆದಿರಬೇಕು. ದಿನಾ ಒಂದು ಸಿಹಿ ಸಿರಪ್ಪು, ಎರಡು ಮೂರು ಸಲ ಹೊಟ್ಟೆ ಹೋಗುವಷ್ಟು. ಹೊಟ್ಟೆ ಹೋಗದಿದ್ದರೆ ಒಳಗಿನ ವಿಷ ತಲೆಗೆ ಏರುತ್ತದೆ, ಮನುಷ್ಯ ಮಂಕಾಗುತ್ತಾನೆ. ಅನುಮಾನ ಬಂದರೆ ಕೈ ಮುಂದೆ ಚಾಚಿಸಿ ನೋಡಿ, ಅಂಗೈ ಹಕ್ಕಿ ರೆಕ್ಕೆಯ ಹಾಗೆ ಪಟಪಟ ಬಡಿದರೆ ತಕ್ಷಣ ಕರೆತನ್ನಿ. ಟೈಲರಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಅವಳ ಕಿವಿಗೆ ಬಿದ್ದು ಮನಸ್ಸಿಗೆ ಇಳಿದದ್ದು ಗುಟುಕಿನ ಮಾತು ಒಂದೇ.

ಆಸ್ಪತ್ರೆಯ ಮೆಟ್ಟಿಲಿನ ಮೇಲೆಯೇ ಅವಳು ತನ್ನ ಕರಾರು ಹೇಳಿಬಿಟ್ಟಳು. ಅವನು ಇನ್ನೊಂದು ಸಲ ಕುಡಿದ ದಿನ ಅವಳು ಮಿಷನ್ನು ಎತ್ತಿಕೊಂಡು ಅಕ್ಕನ ಮನೆಗೆ ಹೋಗುವುದು ನಿಶ್ಚಯ. ಅವನು ಸಾಯುವುದನ್ನು ಕೂತು ನೋಡುವ ಶಕ್ತಿ ತನಗಿಲ್ಲ. ಅವನು ಆಯಿತು ಅಂದ.

ಕುಡಿಯುವುದು ಬಿಟ್ಟರೆ ಸ್ವರ್ಗ ಮನೆಗೇ ಇಳಿಯುತ್ತದೆ ಅಂತ ಯಾರು ಹೇಳಿದರೋ ಕಾಣೆ, ಅವರಿಗೆ ಒಂದು ವಾರ ಉಪ್ಪಿಲ್ಲದ ಅಡುಗೆ ಹಾಕಬೇಕು. ಮೇಸ್ತ್ರಿಗೆ ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ, ಮೈಯೆಲ್ಲ ತುರಿಕೆ. ತೋಳು ಕಡ್ಡಿಯಾಗಿತ್ತು. ಎರಡು ಮೆಟ್ಟಿಲು ಹತ್ತಿದರೆ ಕೂರುತ್ತಿದ್ದ. ಆದರೂ ತಿಂಗಳ ಮೇಲೆ ತಿಂಗಳು ಕಳೆದು ಕಣ್ಣಿನ ಹಳದಿ ಇಳಿಯಿತು, ಕಾಲಿನ ಊತ ಇಳಿಯಿತು, ಕೈಗೆ ಹತ್ತಿಯುಂಡೆ ಹಿಡಿಯುವಷ್ಟು ತ್ರಾಣ ಬಂತು. ಮತ್ತೆ ಕೆಲಸಕ್ಕೆ ಹೊರಟ. ಮತ್ತೆ ಅಂಗಿಯಲ್ಲಿ ಆ ಘಾಟು ಬಂತು. ಸಂಜೆ ಅವನು ಒಳಗೆ ಬರುತ್ತಲೇ ಟೈಲರಮ್ಮ ಅಂಗಿ ಇಸಿದುಕೊಳ್ಳುವ ನೆಪದಲ್ಲಿ ಮೂಸುತ್ತಿದ್ದಳು. ಅವನಿಗೂ ಅದು ಗೊತ್ತಿತ್ತು, ಸುಮ್ಮನೆ ನಿಂತು ಮೂಸಿಸಿಕೊಳ್ಳುತ್ತಿದ್ದ. ನಂಬಬೇಕು ಅಂತ ಅವಳಿಗೂ ಆಸೆಯೇ. ಆದರೆ ನಂಬಿಕೆ ಅನ್ನುವುದು ಬಿಚ್ಚಿದ ಹೊಲಿಗೆಯ ಹಾಗೆ. ಅದೇ ತೂತಿನಲ್ಲಿ ದಾರ ಹಾಕಿದರೆ ಬಟ್ಟೆ ಹರಿಯುತ್ತದೆ. ಅವಳು ಸುಸ್ತಾಗಿದ್ದಳು, ಅಷ್ಟೇ.

ಆ ವಾರ ಅವನಿಗೆ ಒಂದು ದೊಡ್ಡ ಮನೆಯ ಮರದ ಮೆಟ್ಟಿಲಿನ ಕಟಕಟೆಗೆ ಪಾಲಿಶ್ ಹೊಡೆಯುವ ಕೆಲಸ ಸಿಕ್ಕಿತ್ತು. ಮಧ್ಯಾಹ್ನ ಊಟವಾದ ಮೇಲೆ ಅವಳು ಯಾರದೋ ಮನೆಯ ಪರದೆಗೆ ಅಂಚು ಹೊಲಿಯುತ್ತಿದ್ದಳು. ಬೀದಿ ಬಾಗಿಲು ದಡಾರನೆ ಗೋಡೆಗೆ ಬಡಿಯಿತು. ನಡುಬಾಗಿಲಲ್ಲಿ ಗಂಡ ನಿಂತಿದ್ದ. ಅವನು ಸಂಜೆಯ ಮುಂಚೆ ಬರುವವನಲ್ಲ. ಒಂದು ಕೈ ಚೌಕಟ್ಟಿನ ಮೇಲೆ, ಅಂಗಿಯ ಗುಂಡಿ ಮೇಲೆ ಕೆಳಗೆ. ಅವಳನ್ನು ನೋಡಿದ, ಯಾರೆಂದು ಗುರುತು ಹಿಡಿಯುವವನ ಹಾಗೆ ನೋಡಿದ. ಏನೋ ಹೇಳಿದ. ನಾಲಿಗೆ ಹೊರಳಲಿಲ್ಲ. ಹಿಂದೆಯೇ ಆ ಘಾಟು ಒಳಗೆ ಬಂತು.

ಅವಳು ಕೂಗಾಡಲಿಲ್ಲ. ಕತ್ತರಿ ಕೆಳಗಿಟ್ಟಳು, ಎದ್ದಳು, ಅವನ ಎದೆಗೆ ಅಂಗೈ ಕೊಟ್ಟು ಮೆಲ್ಲಗೆ ಆಚೆ ತಳ್ಳಿದಳು, ಬಾಗಿಲು ಮುಚ್ಚಿ ಚಿಲಕ ಎಳೆದಳು. ಆಚೆ ಮಂಚ ಕಿರ್ರೆಂದಿತು. ಅವಳ ಎದೆಯೊಳಗೆ ಏನೋ ಮುಗಿದುಹೋಯಿತು. ಸಿಟ್ಟೂ ಬರಲಿಲ್ಲ, ಅದೇ ಅವಳಿಗೆ ಆಶ್ಚರ್ಯ. ಮೂಟೆ ಹೊತ್ತವನು ಕೊನೆಗೊಮ್ಮೆ ಇಳಿಸಿದ ಹಾಗೆ, ಅಯ್ಯೋ ಸದ್ಯ, ಇನ್ನು ಕಾಯುವುದಿಲ್ಲವಲ್ಲ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅತ್ತೆ ಹಾಸಿಗೆಯಿಂದ ಎದ್ದು ಕೂತಿದ್ದರು. "ಅವನು ಕುಡಿದಿಲ್ಲ ಕಣಮ್ಮ" ಅಂದರು.

ಟೈಲರಮ್ಮನಿಗೆ ನಗು ಬಂತು. ಬರಬೇಡವೇ? ಇಪ್ಪತ್ತು ವರ್ಷ ಕೇಳಿದ ಅದೇ ಮಾತು, ಅದೇ ದನಿ. ಬಿಸಿಲಾ ಅತ್ತೆ, ಹೊರಗಿನ ಊಟಾನಾ, ಇವತ್ತು ಯಾವ ಬಣ್ಣದವನು ತಪ್ಪು ಮಾಡಿದ ಅಂತ ಕೇಳಿದಳು. ಮುದುಕಿ ಎದ್ದು ಬಂದು ಅವಳ ಮೊಣಕೈ ಹಿಡಿದುಕೊಂಡರು. ಮೂರು ನಾಲ್ಕು ದಿನದಿಂದ ಅವನು ಸರಿಯಿಲ್ಲ, ಬೆಳಿಗ್ಗೆ ತನ್ನನ್ನು ಅಕ್ಕಾ ಅಂತ ಕರೆದ, ನೀರಿನ ಲೋಟ ಹಿಡಿದುಕೊಂಡು ಏನು ಮಾಡಬೇಕು ಅಂತ ಗೊತ್ತಿಲ್ಲದೆ ನಿಂತಿದ್ದ ಅಂತ ಒಂದೇ ಉಸಿರಿಗೆ ಹೇಳಿದರು. ಹಾಗಾದರೆ ಬೆಳಿಗ್ಗೆಯಿಂದಲೇ ಶುರುಮಾಡಿದ್ದಾರೆ ಅಂದಳು ಸೊಸೆ. ಮೊಣಕೈ ಬಿಡಿಸಿಕೊಂಡು ಮಿಷನ್ನಿನ ಬೆಲ್ಟು ಕಳಚತೊಡಗಿದಳು.

ಬೆಲ್ಟು ಕಳಚಿ, ತಲೆಭಾಗವನ್ನು ಹಳೆಯ ಪರದೆಯಲ್ಲಿ ಸುತ್ತುತ್ತಿದ್ದಾಗ ಆಚೆಯಿಂದ ಒಂದು ಸದ್ದು ಬರತೊಡಗಿತು. ಸರ್, ಸರ್, ಸರ್. ಅಂಗೈಯಿಂದ ಬಾಗಿಲು ಉಜ್ಜುವ ಸದ್ದು. ಚೂರು ನಿಲ್ಲುವುದು, ಮತ್ತೆ ಶುರುವಾಗುವುದು. ಬಾಗಿಲು ಬಡಿಯುತ್ತಿರಲಿಲ್ಲ, ತೆಗಿ ಅನ್ನುತ್ತಲೂ ಇರಲಿಲ್ಲ. ಇನ್ನೊಂದು ಕೈ ಹೊಡೆದರೆ ಮುಗಿಯಿತು, ಇನ್ನೊಂದು ಕೈ, ಅಂತ ತನ್ನಷ್ಟಕ್ಕೆ ಗೊಣಗುತ್ತಿದ್ದ. ಅತ್ತೆ ಚಿಲಕಕ್ಕೆ ಕೈ ಹಾಕಿದರು. ಅವಳು ತಡೆದಳು. ಇಳಿಯಲಿ, ಆಮೇಲೆ ನೀವೇ ತೆಗೆದು ನಿಮ್ಮ ಮಗನನ್ನು ಮಡಿಲಲ್ಲಿ ಕೂರಿಸಿಕೊಳ್ಳಿ, ನಾನು ಅಷ್ಟು ಹೊತ್ತಿಗೆ ಇಲ್ಲಿ ಇರುವುದಿಲ್ಲ ಅಂದಳು. ಮಿಷನ್ನು ಹೊರುವುದಕ್ಕೆ ಮೂಲೆಯ ಗಾಡಿಯವನನ್ನು ಕರೆಯಬೇಕಿತ್ತು. ಹಿತ್ತಿಲ ಬಾಗಿಲಿನಿಂದ ಹೊರಬಿದ್ದು, ಓಣಿ ಸುತ್ತಿ ಮನೆಯ ಮುಂದೆ ಬಂದಳು.

ಅಲ್ಲಿ ಚಪ್ಪಲಿ ಬಿದ್ದಿತ್ತು. ಒಂದು ಬೀದಿಯ ನಡುವೆ ಮಗುಚಿಕೊಂಡು, ಇನ್ನೊಂದು ಚರಂಡಿಯ ಅಂಚಿನಲ್ಲಿ. ಸಾಮಾನಿನ ಚೀಲ ಮೆಟ್ಟಿಲ ಮೇಲೆ ಬಾಯಿ ತೆರೆದು ಬಿದ್ದಿತ್ತು. ಪಾಲಿಶ್ ಡಬ್ಬಿ ಉರುಳಿ, ಮುಚ್ಚಳ ಕಳಚಿ, ಮೆಟ್ಟಿಲೆಲ್ಲ ಕಂದು ಬಣ್ಣ. ಟೈಲರಮ್ಮ ಅವನ್ನು ದಾಟಿ ಎರಡು ಹೆಜ್ಜೆ ಹೋದಳು. ಹೋದವಳು ನಿಂತಳು.

ಇಪ್ಪತ್ತು ವರ್ಷದಲ್ಲಿ ಈ ಮನುಷ್ಯ ಕುಡಿದು ಬಂದು ಒಂದು ದಿನ, ಒಂದೇ ಒಂದು ದಿನ ಚಪ್ಪಲಿ ನೆಟ್ಟಗಿಡದೆ ಒಳಗೆ ಬಂದದ್ದಿಲ್ಲ. ನಿಲ್ಲಲಾಗದಷ್ಟು ಕುಡಿದ ದಿನವೂ ಮಂಡಿಯೂರಿ ಕೂತು ಜೋಡಿಸಿದ್ದ. ಕುಡಿದವನಿಗೆ ಮುಚ್ಚಿಡುವ ಚಿಂತೆ ಇರುತ್ತದೆ. ಕೈ ನೋವು ವಿಚಾರಿಸುತ್ತಾನೆ, ಮಾತು ತೂಗುತ್ತಾನೆ. ಇವತ್ತು ಬಂದವನು ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದದ್ದು ಏನೂ ಇಲ್ಲದವನ ಹಾಗೆ ನಟ್ಟನಡು ಹಗಲಲ್ಲಿ ಮನೆಗೆ ಬಂದು ಹೆಂಡತಿಯ ಮುಖ ನೋಡಿದ. ಅವಳು ಎದೆಗೆ ಕೈ ಕೊಟ್ಟು ತಳ್ಳಿದಳು. ಹೊಟ್ಟೆ ಹೋಗದಿದ್ದರೆ ವಿಷ ತಲೆಗೆ ಏರುತ್ತದೆ ಅಂದಿದ್ದ ಡಾಕ್ಟರಮ್ಮನ ಮಾತು ಆಗ, ಆ ಬಿಸಿಲಲ್ಲಿ, ಅವಳಿಗೆ ಮೊದಲ ಸಲ ಕೇಳಿಸಿತು.

ಅವಳು ಓಡಿದಳು. ಅವನು ನಡುಬಾಗಿಲಿನ ಮುಂದೆ ನೆಲದ ಮೇಲೆ ಕೂತಿದ್ದ, ಕೈ ಇನ್ನೂ ಬಾಗಿಲ ಮೇಲೆ. ಅವಳು ಎದುರಿಗೆ ಕೂತು ಗದ್ದ ಹಿಡಿದು ಎತ್ತಿದಳು. ಬಾಯಿಯ ಹತ್ತಿರ ಮೂಗು ಒಯ್ದಳು. ಅಂಗಿಯಲ್ಲಿ ಸ್ಪಿರಿಟ್ಟಿತ್ತು, ಕೈಯಲ್ಲಿ ಸ್ಪಿರಿಟ್ಟಿತ್ತು. ಉಸಿರಿನಲ್ಲಿ ಅದಿರಲಿಲ್ಲ, ಕೊಳೆತ ಹಣ್ಣಿನ ಹಾಗೆ ಒಂದು ಸಿಹಿ ನಾತ ಇತ್ತು. ಮೊದಲ ದರ್ಜೆಯ ಮೂಗು ಬಾಯಿಯ ತನಕ ಹೋಗುವ ಗೋಜಿಗೇ ಹೋಗಿರಲಿಲ್ಲ.

"ರೀ, ಕೈ ಚಾಚಿ. ಹೀಗೆ, ಮುಂದಕ್ಕೆ."

ಅವನು ಎಷ್ಟೋ ಹೊತ್ತು ಅವಳ ಕೈ ನೋಡಿ, ಆಮೇಲೆ ತನ್ನವನ್ನು ಚಾಚಿದ. ಎಂಥಾ ಕುಡಿತದಲ್ಲೂ ಹತ್ತಿಯುಂಡೆ ಹಿಡಿದರೆ ಅಲುಗದ ಕೈ ಅದು. ಎರಡೂ ಅಂಗೈ ಪಟಪಟನೆ ಕೆಳಗೆ ಬಿದ್ದವು, ಎದ್ದವು, ಮತ್ತೆ ಬಿದ್ದವು. ಒಳಗಿನಿಂದ ಅತ್ತೆ ಚಿಲಕ ತೆಗೆದರು.

ಮಿಷನ್ನಿಗೆ ಅಂತ ಕರೆಯಬೇಕಿದ್ದ ಗಾಡಿಯಲ್ಲಿ ಗಂಡನನ್ನು ಹಾಕಿಕೊಂಡು ಹೋದದ್ದಾಯಿತು. ಡಾಕ್ಟರಮ್ಮ ಕಣ್ಣು ನೋಡಿದಳು, ಕೈ ನೋಡಿದಳು, ಸಿರಪ್ಪು ಕೊಡುತ್ತಿದ್ದೀರಾ ಅಂತ ಕೇಳಿದಳು. ದಿನಾ ಅವರೇ ತೆಗೆದುಕೊಂಡು ಹೋಗುತ್ತಾರೆ, ಅಲ್ಲೇ ಕುಡಿಯುತ್ತಾರೆ ಅಂದಳು ಟೈಲರಮ್ಮ. ಅತ್ತೆ ಮೆಟ್ಟಿಲಿನಿಂದ ಎತ್ತಿಕೊಂಡು ಬಂದಿದ್ದ ಚೀಲ ತಡಕಿದಾಗ ಪಾಲಿಶ್ ಪೇಪರಿನ ಅಡಿಯಲ್ಲಿ ಬಾಟಲಿ ಸಿಕ್ಕಿತು. ಮುಚ್ಚಳದ ಸೀಲೂ ಒಡೆದಿರಲಿಲ್ಲ. ಆಮೇಲೆ ತಿಳಿದದ್ದು, ಆ ದೊಡ್ಡ ಮನೆಯಲ್ಲಿ ನಾಲ್ಕು ಕಕ್ಕಸು ಇದ್ದವಂತೆ, ಕೆಲಸದವರಿಗೆ ಒಂದೂ ಇಲ್ಲವಂತೆ. ಬೀದಿ ಕೊನೆಯ ತನಕ ಹೋಗಿ ಬರುವುದು ಒಂದು ಸಲ ಸರಿ, ದಿನಕ್ಕೆ ಮೂರು ಸಲ ಹೋದರೆ ಮನೆಯವರು ಏನೆಂದುಕೊಂಡಾರು? ನಾಚಿಕೆಗೆ ಅಂಜಿ ಮನುಷ್ಯ ಸಿರಪ್ಪನ್ನೇ ಬಿಟ್ಟಿದ್ದ. ಕುಡಿಯುವಾಗ ಬಾರದ ನಾಚಿಕೆ ಕುಡಿತ ಬಿಟ್ಟ ಮೇಲೆ ಬಂದಿತ್ತು, ಅದೂ ಕಕ್ಕಸಿಗೆ ಹೋಗುವುದಕ್ಕೆ! ರಕ್ತದಲ್ಲಿ ಹೆಂಡದ ಸುಳಿವೇ ಇಲ್ಲ ಅಂತ ಪರೀಕ್ಷೆಯಲ್ಲಿ ಬಂತು. ಇನ್ನೂ ಹೊತ್ತು ಬಿಟ್ಟಿದ್ದರೆ ಪ್ರಜ್ಞೆ ತಪ್ಪುತ್ತಿತ್ತು, ಆಮೇಲೆ ಯಾರ ಕೈಯಲ್ಲೂ ಇರುತ್ತಿರಲಿಲ್ಲ, ಮಲಗಿ ಸರಿಹೋಗಲಿ ಅಂತ ನೀವು ಬಿಡದೆ ಇದ್ದದ್ದು ಒಳ್ಳೆಯದಾಯಿತು ಅಂದಳು ಡಾಕ್ಟರಮ್ಮ. ಟೈಲರಮ್ಮ ನೆಲ ನೋಡಿದಳು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅತ್ತೆ ಸೊಸೆ ಇಬ್ಬರೇ ಕೂತರು. ಅವಳು ಅತ್ತೆಯ ಬೈಗುಳಕ್ಕೆ ಕಾಯುತ್ತಿದ್ದಳು. ನನ್ನ ಮಗನನ್ನು ಕೊಲ್ಲುತ್ತಿದ್ದೆಯಲ್ಲೇ ಅಂತ ಒಂದು ಸಲ ಅಂದುಬಿಟ್ಟರೆ ಹಗುರಾಗುತ್ತಿತ್ತು. ಮುದುಕಿ ಸೆರಗಿನ ತುದಿಯನ್ನು ಮಡಚಿದರು, ಬಿಚ್ಚಿದರು.

"ನಿನ್ನ ತಪ್ಪಲ್ಲ ಕಣಮ್ಮ. ನಾನು ಅಷ್ಟು ವರ್ಷ ಸುಳ್ಳು ಹೇಳ್ದೆ. ನಿಜ ಹೇಳೋ ದಿನಕ್ಕೆ ನನ್ನ ಹತ್ರ ಮಾತೇ ಉಳಿದಿರ್ಲಿಲ್ಲ."

ಮುದುಕಿಯ ಕೈ ತಣ್ಣಗಿತ್ತು, ಟೈಲರಮ್ಮ ಅದನ್ನು ತನ್ನ ಎರಡೂ ಕೈಯಲ್ಲಿ ಇಟ್ಟುಕೊಂಡಳು. ಇಬ್ಬರಿಗೂ ಅಳು ಬಂತು. ಸುಸ್ತಾಗಿದ್ದರಿಂದ ಸದ್ದು ಬರಲಿಲ್ಲ.

ಎನಿಮಾ ಕೊಟ್ಟರು, ಮೂಗಿನ ನಳಿಕೆಯಲ್ಲಿ ಅದೇ ಸಿರಪ್ಪು ಹಾಕಿದರು. ಮರುದಿನವೂ ಅವನು ಮಂಚದ ಸರಳನ್ನು ಉಜ್ಜುತ್ತಲೇ ಇದ್ದ. ಅದರ ಮಾರನೆಯ ಬೆಳಿಗ್ಗೆ ಕೈ ನಿಂತಿತು. ಕಣ್ಣು ಬಿಟ್ಟವನು ಈ ಸಲ ಗುರುತು ಹಿಡಿದೇ ನೋಡಿದ. ಎಲ್ಲಿದ್ದೇನೆ ಅಂತ ಕೇಳಲಿಲ್ಲ, ಆಸ್ಪತ್ರೆಯ ಸೂರು ಅವನಿಗೆ ಹಳೆಯ ಪರಿಚಯ. ಬೆರಳನ್ನು ಮೂಗಿನ ಹತ್ತಿರ ತಂದುಕೊಂಡು ಮೂಸಿದ. ಉಗುರಿನ ಸಂದಿಯಲ್ಲಿ ಇನ್ನೂ ಅದೇ ಘಾಟು. ಅವನ ಮುಖ ಬಿಳುಚಿಕೊಂಡಿತು.

"ನಾನು ಕುಡಿದ್ನಾ?" ಅಂದ. "ಏನೂ ನೆನಪಾಗ್ತಿಲ್ಲ. ಕುಡಿದುಬಿಟ್ನಾ?"

ತಲೆಯ ಹತ್ತಿರ ಕೂತಿದ್ದ ತಾಯಿ, ಇಲ್ಲಪ್ಪ, ನೀನು ಕುಡಿದಿಲ್ಲ ಅಂತ ಅವನ ಹಣೆ ಸವರಿದರು. ಅವನು ತಾಯಿಯ ಕಡೆ ನೋಡಲೂ ಇಲ್ಲ. ಕಾಲಿನ ಹತ್ತಿರ ನಿಂತಿದ್ದ ಹೆಂಡತಿಯನ್ನೇ ನೋಡುತ್ತಿದ್ದ.

"ಅಮ್ಮ ಯಾವಾಗ್ಲೂ ಹಾಗೇ ಹೇಳೋದು. ನೀನು ಹೇಳು."

ಹಣೆ ಸವರುತ್ತಿದ್ದ ಕೈ ನಿಂತಿತು. ಮುದುಕಿಯೂ ಸೊಸೆಯ ಮುಖವನ್ನೇ ನೋಡಿದರು. ಇಪ್ಪತ್ತು ವರ್ಷ ಅವನನ್ನು ನಂಬದೆ ಬಾಳಿದವಳ ಮಾತಿಗೇ ಈಗ ಬೆಲೆ.

"ಕುಡಿದಿರ್ಲಿಲ್ಲ ರೀ. ಒಂದು ಹನೀನೂ ಇಲ್ಲ. ಕುಡಿದಿದ್ದೀರಿ ಅಂತ ನಾನೇ ಅಂದ್ಕೊಂಡೆ. ಚಿಲಕ ಹಾಕಿಬಿಟ್ಟೆ."

ಚಿಲಕದ ಮಾತು ಅವನ ಕಿವಿಗೆ ಬಿದ್ದಿತೋ ಇಲ್ಲವೋ. ಕುಡಿದಿರಲಿಲ್ಲ ಅನ್ನುವುದಷ್ಟನ್ನೇ ಹಿಡಿದುಕೊಂಡು ಮಗ್ಗುಲಾಗಿ, ದಿಂಬಿಗೆ ಮುಖ ಒತ್ತಿ ಅತ್ತ. ಎಷ್ಟೋ ಹೊತ್ತಾದ ಮೇಲೆ ದಿಂಬಿನೊಳಗಿನಿಂದಲೇ, ನಾನಾಗಿದ್ದರೂ ಹಾಕುತ್ತಿದ್ದೆ ಅಂದ.

ಮನೆಗೆ ಬಂದದ್ದು ಒಂದು ಸಂಜೆ. ಮೆಟ್ಟಿಲ ಮೇಲೆ ಚೆಲ್ಲಿದ ಪಾಲಿಶ್ ಒಣಗಿ ಮಿರಮಿರ ಮಿಂಚುತ್ತಿತ್ತು. ಇನ್ನು ಆ ಮೆಟ್ಟಿಲನ್ನು ಜಾರದೆ ಹತ್ತುವುದೇ ಒಂದು ಕೆಲಸ ಅಂತ ಅತ್ತೆ ಗೊಣಗಿದರು. ಮೇಸ್ತ್ರಿ ಗೋಡೆ ಹಿಡಿದು ಮೆಲ್ಲಗೆ ಹತ್ತಿದ. ಒಂದು ಚಪ್ಪಲಿಯನ್ನು ಕಾಲಿನಿಂದ ಕೊಡವಿ ಅತ್ತ ಎಸೆದ, ಇನ್ನೊಂದನ್ನು ಇತ್ತ, ಅಯ್ಯಪ್ಪಾ ಅಂತ ಹೋಗಿ ಮಂಚದ ಮೇಲೆ ಬಿದ್ದುಕೊಂಡ. ಉಪ್ಪಿಲ್ಲದ ಊಟವನ್ನು ನೆನೆದು ಈಗಿನಿಂದಲೇ ಸಿಡುಕತೊಡಗಿದ. ಒಳಗೆ ಪರದೆ ಸುತ್ತಿದ ಮಿಷನ್ನು ಹಾಗೇ ಕೂತಿತ್ತು, ಅದನ್ನು ಮತ್ತೆ ಜೋಡಿಸಬೇಕಿತ್ತು. ಅವಳ ಸೊಂಟ ಬಿದ್ದುಹೋಗಿತ್ತು.

ಅತ್ತೆ ಮೆಟ್ಟಿಲ ಮೇಲೆ ಬಗ್ಗಿ ಮಗನ ಚಪ್ಪಲಿ ಜೋಡಿಸಲು ಕೈ ಚಾಚಿದರು.

"ಬಿಡಿ ಅತ್ತೆ" ಅಂದಳು ಟೈಲರಮ್ಮ. "ಹಾಗೇ ಇರ್ಲಿ."